ಬಂದ ಕರೆಂಟು ಹೋಗುವ ದಾರಿ

ಕಂಬ ಹತ್ತುವ ಕೆಲಸದಲ್ಲಿ ವಾರಕ್ಕೊಂದಾದರೂ ಇಂಥದ್ದು ಆಗಿಯೇ ಆಗುತ್ತದೆ. ನಾವು ತಂತಿ ಸರಿಮಾಡಿ ಕೆಳಗಿಳಿದು ಕೈ ಒರೆಸಿಕೊಳ್ಳುತ್ತಿರುತ್ತೇವೆ. ಅಲ್ಲಿ ನಿಂತವರು ಯಾರೋ ಒಂದು ಪ್ರಶ್ನೆ ಕೇಳುತ್ತಾರೆ. ಅದಕ್ಕೆ ಉತ್ತರ ಹೇಳಲು ಹೋಗಿ ನಾವು ಸಿಕ್ಕಿಬೀಳುತ್ತೇವೆ.

ನಾನು ಮೂವತ್ತು ವರ್ಷಕ್ಕೂ ಮೇಲೆ ಲೈನ್‌ಮನ್ ಆಗಿ, ಕಡೆಕಡೆಗೆ ಮೇಸ್ತ್ರಿಯಾಗಿ ದುಡಿದವನು. ಬದಲಿ ಆದದ್ದೆಲ್ಲ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಇಷ್ಟರೊಳಗೇ. ಕರೆಂಟು ಎಲ್ಲಿಂದ ಬರುತ್ತದೆ ಎಂದು ನನ್ನನ್ನು ಕೇಳಿದವರು ಕಡಿಮೆ. ಅದು ಬಂದೇ ಬರಬೇಕು ಎಂಬುದು ಎಲ್ಲರ ಭಾವನೆ. ಅವರನ್ನು ಕಾಡುವುದು ಬಂದದ್ದು ಎಲ್ಲಿಗೆ ಹೋಗುತ್ತದೆ ಎಂಬುದು. ನೌಕರಿಗೆ ಸೇರಿದ ಮೇಲೂ ಬಹಳ ದಿನ ನನಗೇ ಅದು ಸರಿಯಾಗಿ ತಿಳಿದಿರಲಿಲ್ಲ. ಕರೆಂಟು ಬಂದಲ್ಲೇ ಮುಗಿಯುವುದಿಲ್ಲ, ಹೊರಟಲ್ಲಿಗೆ ತಿರುಗಿ ಹೋಗಲೇಬೇಕು, ಹೋಗಲು ದಾರಿ ಇಲ್ಲದಿದ್ದರೆ ಬರುವುದೂ ಇಲ್ಲ. ಇಷ್ಟನ್ನು ಕಲಿಯಲು ನನಗೆ ಈ ಊರುಗಳ ಜನ ಬೇಕಾದರು.

ಕಂಬ ಹತ್ತಿದವರೆಲ್ಲ ಇಳಿದು ಬಂದಿಲ್ಲ. ಬರದವರ ಸಂಗತಿ ಅವರವರ ಮನೆಯವರಿಗೆ ಸೇರಿದ್ದು, ಅದನ್ನು ನಾನು ಹೇಳುವುದಿಲ್ಲ. ಇಲ್ಲಿ ಬರೆದದ್ದು ಇಳಿದು ಬಂದ ಮೇಲಿನದು.

೧. ಗೋಡೆಯ ಮೇಲಿನ ಚಿತ್ರ

ನಾನು ಬನಹಟ್ಟಿಯಲ್ಲಿದ್ದಾಗ ನಮ್ಮ ಶಾಖೆಗೆ ಹೊಸ ಎಂಜಿನಿಯರ್ ಸಾಹೇಬರು ಬಂದರು. ಕಾಲೇಜಿನಿಂದ ಸೀದಾ ಬಂದವರು. ಒಳ್ಳೆಯ ಮನುಷ್ಯ. ಯಾರು ಏನು ಕೇಳಿದರೂ ಬುಡದಿಂದ ಹೇಳಿಕೊಡಬೇಕು ಎಂಬ ಆಸೆ ಅವರಿಗೆ. ಕಿಸೆಯಲ್ಲಿ ಪೆನ್ನಿನ ಜೊತೆ ಒಂದು ಸೀಮೆಸುಣ್ಣ ಇಟ್ಟುಕೊಂಡಿರುತ್ತಿದ್ದರು.

ಒಂದು ದಿನ ನೇಕಾರರ ಓಣಿಯಿಂದ ದೂರು ಬಂತು. ಮನೆಯ ಹಿರಿಯ ಎಪ್ಪತ್ತು ದಾಟಿದವರು. ಮಗ ವಿದ್ಯುತ್ ಮಗ್ಗ ಹಾಕಿದ್ದ, ಇವರು ಮಾತ್ರ ಪಡಸಾಲೆಯಲ್ಲಿ ತಮ್ಮ ಹಳೆಯ ಕೈಮಗ್ಗ ಬಿಟ್ಟಿರಲಿಲ್ಲ. ಮಗನ ಮಗ್ಗದ ಮೋಟರು ತಿರುಗುತ್ತಿರಲಿಲ್ಲ. ಮಗ ಊರಲ್ಲಿರಲಿಲ್ಲ.

ನಾನು ನೋಡಿದೆ. ಮೋಟರಿಗೆ ಹೋಗುವ ಎರಡು ವೈರಿನಲ್ಲಿ ಒಂದನ್ನು ಇಲಿ ಕಡಿದಿತ್ತು.

ಹಿರಿಯರು ನನ್ನ ಕೈಯಿಂದ ಟೆಸ್ಟರ್ ಇಸಿದುಕೊಂಡು ಉಳಿದ ವೈರಿಗೆ ಹಚ್ಚಿದರು. ಟೆಸ್ಟರಿನ ಕೆಂಪು ದೀಪ ಹತ್ತಿತು.

"ಕರೆಂಟ್ ಐತಲ್ರಿ," ಅಂದರು. "ಮತ್ಯಾಕ ತಿರುಗವಲ್ದು?"

ಸಾಹೇಬರು ಮುಂದೆ ಬಂದರು. "ಬರೋ ದಾರಿ ಇದೆ ಅಜ್ಜಾರೆ, ವಾಪಸ್ ಹೋಗೋ ದಾರಿ ಕಡಿದಿದೆ."

"ವಾಪಸ್ ಯಾಕ ಹೋಗ್ಬೇಕು? ಇಲ್ಲೇ ಇರ್ಲಿ. ನಾವೇನು ಬ್ಯಾಡ ಅಂದೇವೇನು?"

ಸಾಹೇಬರು ಸೀಮೆಸುಣ್ಣ ತೆಗೆದರು. ಪಡಸಾಲೆಯ ನೀಲಿ ಗೋಡೆಯ ಮೇಲೆ ವಿದ್ಯುತ್ ಕೇಂದ್ರ ಬರೆದರು, ತಂತಿ ಬರೆದರು, ಮೋಟರು ಬರೆದರು, ಬಾಣದ ಗುರುತು ಹಾಕಿದರು. ಆಮೇಲೆ ಅದೂ ಪೂರ್ತಿ ಖರೆ ಅಲ್ಲ ಎಂದು ಹೇಳಿ, ಬಾಣವನ್ನು ಒರೆಸಿ, ಏರಿಳಿಯುವ ಅಲೆ ಬರೆದರು. ಕರೆಂಟು ಒಂದೇ ಕಡೆ ಓಡುವುದಿಲ್ಲ, ಒಂದು ಸೆಕೆಂಡಿಗೆ ಐವತ್ತು ಸಲ ಆ ಕಡೆ ಹೋಗಿ ಈ ಕಡೆ ಬರುತ್ತದೆ ಎಂದು ವಿವರಿಸಿದರು. ಗೋಡೆ ತುಂಬಿತು.

ಹಿರಿಯರು ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. "ಇಷ್ಟ ಹೋಗಿ ಬಂದು, ಹೋಗಿ ಬಂದು, ಕಡೀಕ ಎಲ್ಲಿಗೂ ಮುಟ್ಟೂದಿಲ್ಲ?"

"ಇಲ್ಲರಿ. ಅಲ್ಲಲ್ಲೇ ಓಡಾಡ್ತದೆ. ಆದರೆ ಕೆಲಸ ಆಗ್ತದೆ."

ಹಿರಿಯರು ಎದ್ದು ತಮ್ಮ ಕೈಮಗ್ಗದ ಮುಂದೆ ಹೋಗಿ ಕೂತರು. ಹಗ್ಗ ಜಗ್ಗಿದರು. ಲಾಳಿ ಎಡದಿಂದ ಬಲಕ್ಕೆ ಹೋಯಿತು, ಬಲದಿಂದ ಎಡಕ್ಕೆ ಬಂತು. ನಾಲ್ಕು ಸಲ ಹಾಗೆ ಮಾಡಿ ನಿಲ್ಲಿಸಿದರು.

"ಇದೂ ಹಂಗ ನೋಡ್ರಿ. ಮುಂಜಾನಿಂದ ಸಂಜೀತನಕ ಓಡಿದ್ರೂ ಈ ಮೂರು ಮೊಳ ಬಿಟ್ಟು ಎಲ್ಲಿಗೂ ಹೋಗೂದಿಲ್ಲ. ಖರೆ, ಸೀರಿ ಆಗತೈತಿ. ಈ ಕಡೆ ಬಾಜೂ ಮುಚ್ಚಿದ್ರ ಲಾಳಿ ಅಲ್ಲೇ ನಿಂದ್ರತೈತಿ. ಇಲಿ ಮಾಡಿದ್ದು ಅಷ್ಟ ಹೌದಲ್ಲ?"

ಸಾಹೇಬರು ಸೀಮೆಸುಣ್ಣವನ್ನು ಕಿಸೆಗೆ ಹಾಕಿಕೊಂಡರು. ನಾಲ್ಕು ವರ್ಷ ಕಲಿಸಿದವರು ಯಾರೂ ತಮಗೆ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ ಎಂದು ಆಮೇಲೆ ಹಾದಿಯಲ್ಲಿ ನನಗೆ ಹೇಳಿದರು. ಆಗ ಅಲ್ಲಿ ಮಾತ್ರ, "ಹೌದು ಅಜ್ಜಾರೆ, ಅಷ್ಟೇ," ಅಂದರು.

ಹಿರಿಯರು ತಿರುಗಿ ಗೋಡೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಅಷ್ಟ ಇದ್ರ, ಗ್ವಾಡಿ ಯಾಕ ಹೊಲಸ ಮಾಡಿದ್ರಿ?"

೨. ನೀರು ಕುಡಿಯದ ಎಮ್ಮೆ

ಬೀಳಗಿಯ ಕಡೆ, ಹಿನ್ನೀರಿಗೆ ಹೊಲ-ಮನೆ ಬಿಟ್ಟು ಬಂದವರಿಗೆ ಕಟ್ಟಿದ ಹೊಸ ಊರೊಂದರಲ್ಲಿ ಇದು ನಡೆದದ್ದು. ನನಗೆ ಫೋನು ಮಾಡಿದವರು ದನದ ಡಾಕ್ಟರು. ಅವರಿಗೂ ನನಗೂ ಕೆಲಸದ ಸಂಬಂಧ ಏನೂ ಇರಲಿಲ್ಲ.

"ಒಂದು ಎಮ್ಮೆ ನೋಡಾಕ ಬಂದೇನಿ," ಅಂದರು. "ಮದ್ದು ನನ್ನ ಹಂತ್ಯಾಕ ಇಲ್ಲ. ನಿಮ್ಮ ಹಂತ್ಯಾಕ ಐತಿ ಅನಸ್ತೈತಿ. ಬರ್ರಿ."

ಊರ ತುದಿಯ ಮನೆ. ಅಲ್ಲಿಗೆ ಲೈನು ಮುಗಿಯುತ್ತಿತ್ತು. ಮನೆಯಾಕೆ ಒಂದು ಎಮ್ಮೆ ಸಾಕಿದ್ದಳು. ಹದಿನೈದು ದಿನದಿಂದ ಅದು ಕೊಟ್ಟಿಗೆಯ ಮೂಲೆಯ ದೋಣಿಯ, ಅಂದರೆ ದನ ನೀರು ಕುಡಿಯುವ ತೊಟ್ಟಿಯ ಹತ್ತಿರ ನೀರಿಗೆ ಹೋಗುತ್ತಿರಲಿಲ್ಲ. ಎಳೆದರೆ ಕಾಲು ಊರಿ ನಿಲ್ಲುತ್ತಿತ್ತು. ಹಾಲು ಕಡಿಮೆಯಾಗಿತ್ತು. ದೃಷ್ಟಿ ತೆಗೆಸಿದ್ದಾಯಿತು, ಕೊರಳಿಗೆ ಕರಿ ದಾರ ಕಟ್ಟಿದ್ದಾಯಿತು. ಕಡೆಗೆ ಡಾಕ್ಟರನ್ನು ಕರೆಸಿದ್ದರು. ಡಾಕ್ಟರು ಎಮ್ಮೆಯ ಗೊರಸು ನೋಡಲು ಕುಕ್ಕರಗಾಲಲ್ಲಿ ಕೂತು ಹಸಿ ನೆಲಕ್ಕೆ ಕೈ ಊರಿದಾಗ ಕೈ ಜುಮ್ಮೆಂದಿತ್ತು.

ನಾನು ಕೊಟ್ಟಿಗೆಯ ಹಿಂದೆ ಹೋಗಿ ನೋಡಿದೆ. ನೆಲದಲ್ಲಿ ಒಂದು ಕಬ್ಬಿಣದ ಸಲಾಕೆ ಹುಗಿದಿದ್ದರು. ಅದಕ್ಕೆ ಮನೆಯೊಳಗಿನಿಂದ ಬಂದ ವೈರು ಸುತ್ತಿತ್ತು. ಸುತ್ತ ನೆಲ ಕೆಸರಾಗಿತ್ತು. ಸಲಾಕೆಯ ನೆತ್ತಿಗೆ ಅರಿಶಿನ ಕುಂಕುಮ ಹಚ್ಚಿದ್ದರು.

"ಇದೇನ್ರಿ ಅಕ್ಕಾರ?"

"ಅದು ದೀಪದ್ದು," ಅಂದಳು. "ಗಾಳಿಗೆ ಕಂಬದ ಒಂದು ತಂತಿ ಹರದಿತ್ತು. ನಮ್ಮ ಮನಿಯವ್ರು ಹಿಂಗ ಮಾಡಿಕೊಟ್ರು. ನೀರ ಹಾಕಿದ್ರ ದೀಪ ಬೆಳ್ಳಗ ಉರೀತೈತಿ. ಮುಂಜಾನಿ ಒಂದ ಕೊಡ, ಸಂಜಿಗೆ ಒಂದ ಕೊಡ ಹಾಕ್ತೇನಿ."

ಹರಿದದ್ದು ವಾಪಸ್ಸಿನ ತಂತಿ, ನಾವು ನ್ಯೂಟ್ರಲ್ ಅನ್ನುವುದು. ಅದಿಲ್ಲದೆ ದೀಪ ಹತ್ತುವುದಿಲ್ಲ. ಗಂಡ ಯಾರಿಗೂ ಹೇಳದೆ ಮಣ್ಣಿನೊಳಗಿಂದಲೇ ಕರೆಂಟಿಗೆ ದಾರಿ ಮಾಡಿಕೊಟ್ಟಿದ್ದ. ದೀಪದಿಂದ ಹೊರಬಿದ್ದ ಕರೆಂಟು ಸಲಾಕೆಗೆ ಇಳಿದು, ಹಸಿ ನೆಲದಲ್ಲಿ ಹರಡಿ, ಊರ ನಡುವಿನ ಟಿ.ಸಿ.ಯವರೆಗೆ, ಅಂದರೆ ಟ್ರಾನ್ಸ್‌ಫಾರ್ಮರಿನವರೆಗೆ, ನೆಲದಲ್ಲೇ ನಡೆದು ಹೋಗುತ್ತಿತ್ತು. ಆ ದಾರಿಯ ಮೊದಲ ನಾಲ್ಕು ಹೆಜ್ಜೆ ದೋಣಿಯ ಕೆಳಗೇ ಇದ್ದವು. ಮನುಷ್ಯರು ಚಪ್ಪಲಿ ಹಾಕಿಕೊಂಡು ಓಡಾಡುತ್ತಿದ್ದರು. ಎಮ್ಮೆಯ ನಾಲ್ಕು ಕಾಲು ಬರಿಗಾಲು, ಮುಂದಿನ ಕಾಲಿಗೂ ಹಿಂದಿನ ಕಾಲಿಗೂ ಒಂದು ಮಾರು ಅಂತರ. ಅದರ ಮೈಯೊಳಗಿಂದಲೂ ಕರೆಂಟು ಹಾದು ಹೋಗುತ್ತಿತ್ತು.

ಇದನ್ನು ನಾನು ಆಕೆಗೆ ಹೇಳಿದೆ. ಒಂದು ಮಳೆ ಜೋರಾಗಿ ಬಿದ್ದು, ಆಕೆ ಬರಿಗಾಲಲ್ಲಿ ಕೊಡ ಹಿಡಿದು ಆ ಸಲಾಕೆಯ ಹತ್ತಿರ ಬಂದಿದ್ದರೆ ಏನಾಗುತ್ತಿತ್ತು ಎಂಬುದನ್ನೂ ಹೇಳಿದೆ.

ಆಕೆ ತನ್ನ ಬಗ್ಗೆ ಏನೂ ಕೇಳಲಿಲ್ಲ. ದೋಣಿಯ ಹತ್ತಿರ ಹೋಗಿ ನಿಂತಳು. "ನೀರಿಗೆ ಹೋಗವಲ್ದು ಅಂತ ನಾ ಅದನ್ನ ಹೊಡದೇನ್ರಿ," ಅಂದಳು. "ಬಡಿಗೀಲೇ ಹೊಡದೇನಿ."

ನಾನು ಲೈನು ಬಂದ್ ಮಾಡಿಸಿದೆ. ಸಲಾಕೆ ಕಿತ್ತೆ, ಕಂಬ ಹತ್ತಿ ಹೊಸ ನ್ಯೂಟ್ರಲ್ ಎಳೆದು ಕಟ್ಟಿದೆ. ಆಕೆ ಎಮ್ಮೆಯನ್ನು ಬಿಟ್ಟಳು. ಅದು ದೋಣಿಯಿಂದ ಎರಡು ಮಾರು ದೂರ ನಿಂತು ಒಂದು ಕಾಲು ಮುಂದಿಟ್ಟಿತು, ಕಾಯಿತು. ಇನ್ನೊಂದು ಕಾಲಿಟ್ಟಿತು. ಆಮೇಲೆ ದೋಣಿಗೆ ಬಾಯಿಟ್ಟು ದೋಣಿ ಖಾಲಿಯಾಗುವವರೆಗೆ ಕುಡಿಯಿತು.

ಈ ಸುದ್ದಿ ಆ ಊರೆಲ್ಲ ಹಬ್ಬಿತು. ಮುಂದಿನ ಮಳೆಗಾಲದಲ್ಲಿ ಅದೇ ಓಣಿಯಿಂದ ಮತ್ತೊಂದು ದೂರು ಬಂತು. ನಾನು ಹೋಗುವಷ್ಟರಲ್ಲಿ ಕಂಬದ ಬುಡದಲ್ಲಿ ಎಮ್ಮೆ ನಿಂತು ಮೆಲುಕು ಹಾಕುತ್ತಿತ್ತು. ಆಕೆ ಹಗ್ಗ ಹಿಡಿದಿದ್ದಳು. ಸುತ್ತ ಓಣಿಯ ಐದಾರು ಮಂದಿ.

"ನಾವು ನೋಡೇವ್ರಿ," ಅಂದರು. "ಕಂಬ ಛಲೋ ಐತಿ, ಎಮ್ಮಿ ನಿಂತೈತಿ. ನೀವು ಏರ್ರಿ."

೩. ಕಬ್ಬಿನ ಕರೆಂಟು

ಮುಧೋಳದಿಂದ ಮಹಾಲಿಂಗಪುರಕ್ಕೆ ಹೋಗುವ ದಾರಿಯಲ್ಲಿ ಒಬ್ಬ ರೈತರ ಕಬ್ಬಿನ ಹೊಲದ ಮೇಲೆ ದೊಡ್ಡ ಟವರ್ ಲೈನು ಹಾದುಹೋಗಿತ್ತು. ಟವರಿನ ನಾಲ್ಕು ಕಾಲಿನಲ್ಲಿ ಒಂದು ಅವರ ಬದುವಿನೊಳಗಿತ್ತು. ಹಾಗಾಗಿ ಆ ಟವರು ತಮ್ಮ ಮನೆಯ ಆಳು ಎನ್ನುವ ಹಾಗೆ ಅದರ ಯೋಗಕ್ಷೇಮ ನೋಡಿಕೊಳ್ಳುತ್ತಿದ್ದರು. ನಾನು ಆ ದಾರಿಯಲ್ಲಿ ಮೋಟರ್ ಸೈಕಲ್ಲಿನ ಮೇಲೆ ಹೋದರೆ ಕೈ ಮಾಡಿ ನಿಲ್ಲಿಸುತ್ತಿದ್ದರು.

"ಮ್ಯಾಲ ಮೂರು ತಂತಿ ಅದಾವು. ವಾಪಸ್ ಹೋಗೂದು ಯಾವುದು?"

ಟವರಿನ ನೆತ್ತಿಯ ಮೇಲೆ ಇನ್ನೊಂದು ಸಣ್ಣ ತಂತಿಯಿತ್ತು. ಅದು ವಾಪಸ್ಸಿನದಲ್ಲ, ಸಿಡಿಲು ಹಿಡಿಯಲು ಇದ್ದದ್ದು. ದೊಡ್ಡ ಲೈನಿಗೆ ಬೇರೆ ವಾಪಸ್ ತಂತಿ ಬೇಕಿಲ್ಲ, ಮೂರೂ ಸರತಿಯ ಮೇಲೆ ನಡೆಯುತ್ತವೆ, ಒಂದು ಒಯ್ಯುವಾಗ ಉಳಿದ ಎರಡು ತಿರುಗಿ ತರುತ್ತವೆ, ಮರುಕ್ಷಣ ಅದಲುಬದಲು ಎಂದು ನಾನು ಹೇಳಿದೆ.

"ಮೂರೂ ಮಂದಿ ಮಾತು ಮುರಿಯೂದಿಲ್ಲ?"

"ಇಲ್ಲರಿ."

"ಛಲೋ ಅದಾವು," ಅಂದು, ತಮ್ಮ ಬದುವಿನ ಆಚೆಯ ಪಾಲುದಾರರ ಹೊಲದ ಕಡೆ ಒಮ್ಮೆ ನೋಡಿದರು.

ಆಮೇಲೆ ಅವರಿಗೆ ಇನ್ನೊಂದು ಸಂಗತಿ ಗೊತ್ತಾಯಿತು. ಸಮೀರವಾಡಿ ಕಡೆ ಸಕ್ಕರೆ ಕಾರ್ಖಾನೆಯವರು ಕಬ್ಬು ನುರಿಸುವ ದಿನಗಳಲ್ಲಿ ಸಿಪ್ಪೆ ಸುಟ್ಟು ಕರೆಂಟು ಮಾಡಿ ಲೈನಿಗೆ ಬಿಡುತ್ತಾರೆ, ಹಂಗಾಮು ಮುಗಿದ ಮೇಲೆ ಅದೇ ತಂತಿಯಿಂದ ತಾವು ತೆಗೆದುಕೊಳ್ಳುತ್ತಾರೆ ಎಂಬುದು. ಅವರ ಕಬ್ಬು ಹೋಗುತ್ತಿದ್ದುದೂ ಅಲ್ಲಿಗೇ. ಅಂದಿನಿಂದ ನನ್ನನ್ನು ನಿಲ್ಲಿಸಿ ಕೇಳುವ ಪ್ರಶ್ನೆ ಬದಲಾಯಿತು. "ಇವತ್ತ ಯಾವ ಕಡೆ ಹೊಂಟೈತ್ರಿ?" ಎಂದು ಮೇಲೆ ನೋಡಿ ಕೇಳುತ್ತಿದ್ದರು. ಕಾಲುವೆಗೆ ನೀರು ಬಿಟ್ಟಾರೇನು ಎಂದು ಕೇಳುವ ದನಿಯಲ್ಲಿ.

ಅವರ ಹೆಂಡತಿ ಅದರ ಹಿಂದಿನ ವರ್ಷ ತೀರಿಕೊಂಡಿದ್ದರು. ಕಬ್ಬಿನ ಪ್ರತಿ ಸಾಲನ್ನೂ ಇಬ್ಬರೂ ಕೂಡಿಯೇ ಹಚ್ಚಿದವರು. ಸಂಜೆ ದೀಪ ಹಾಕಿದಾಗ, ಇದರಲ್ಲಿ ಎಲ್ಲೋ ಒಂದಿಷ್ಟು ಆಕೆ ಕಳೆ ತೆಗೆದ ಕಬ್ಬಿನದೂ ಇದ್ದೀತು ಎಂದು ತಮಗೆ ಅನಿಸುತ್ತದೆ ಎಂದು ಒಮ್ಮೆ ಹೇಳಿದರು. ಯಾವ ಕರೆಂಟು ಯಾವ ಕಬ್ಬಿನದೆಂದು ಹಾಗೆ ಬೇರೆ ಮಾಡಿ ಹೇಳಲು ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಹೇಳಲಿಲ್ಲ.

ಒಂದು ದಿನ ಅವರೇ ಶಾಖೆಗೆ ಬಂದರು. ಮನೆಯ ಮೀಟರ್ ಪೆಟ್ಟಿಗೆಯಲ್ಲಿ ಇರುವೆ ತುಂಬಿ ಚಟಚಟ ಸದ್ದು ಬರುತ್ತಿದೆ ಎಂದರು. ಹೋಗಿ ಪೆಟ್ಟಿಗೆ ತೆರೆದೆ. ಕೆಂಪು ಇರುವೆ ಗೂಡು ಕಟ್ಟಿದ್ದವು. ಮೇನ್ ಇಳಿಸಿ, ಒರೆಸಿ, ಸಂದು ಮುಚ್ಚುತ್ತ, "ಇಷ್ಟು ಇರುವಿ ಎಲ್ಲೂ ನೋಡಿಲ್ಲ ನಾ," ಅಂದೆ.

ಅವರು ನನ್ನ ಕಡೆ ಕನಿಕರದಿಂದ ನೋಡಿದರು.

"ಕಬ್ಬಿನ ಕರೆಂಟ್ರಿ. ಇರುವಿ ಬರಲಾರದ ಏನ್ ಮಾಡ್ತಾವು?"

೪. ನಡುಗೋಡೆ

ಜಮಖಂಡಿಯ ಹಳೆಯ ಓಣಿಯೊಂದರಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದರು. ಒಂದೇ ಮನೆಯ ನಡುವೆ ಗೋಡೆ ಕಟ್ಟಿ ಎರಡು ಮಾಡಿಕೊಂಡಿದ್ದರು. ಗೋಡೆ ಎದ್ದ ದಿನದಿಂದ ಇಬ್ಬರಿಗೂ ಮಾತಿರಲಿಲ್ಲ. ತಾಯಿ ಮಧ್ಯಾಹ್ನ ಒಬ್ಬನ ಮನೆಯಲ್ಲಿ, ಸಂಜೆ ಇನ್ನೊಬ್ಬನ ಮನೆಯಲ್ಲಿ ಉಣ್ಣುತ್ತಿದ್ದಳು. ಉಳಿದ ಹೊತ್ತು ಎರಡೂ ಬಾಗಿಲಿನ ನಡುವಿನ ಕಟ್ಟೆಯ ಮೇಲೆ ಕೂತಿರುತ್ತಿದ್ದಳು.

ಒಂದು ಮುಂಜಾನೆ ಅಣ್ಣ ಬಂದು ದೂರು ಕೊಟ್ಟ. "ನಮ್ಮ ತಮ್ಮ ನನ್ನ ಕರೆಂಟ್ ಎಳಕೊಳ್ಳಾಕತ್ತಾನ್ರಿ. ನಾ ಹೀಟರ್ ಹಚ್ಚಿದ್ರ ನನ್ನ ದೀಪ ಸಣ್ಣ ಆಗತಾವು, ಅವನ ಮನ್ಯಾಗ ಝಗ್ ಅಂತ ಬೆಳಕ ಬೀಳತೈತಿ."

ಅವನು ಹೋದ ಹತ್ತು ನಿಮಿಷಕ್ಕೆ ತಮ್ಮ ಬಂದ. "ನಮ್ಮಣ್ಣ ಏನೋ ಮಾಡ್ಯಾನ್ರಿ. ಅಂವ ಹೀಟರ್ ಹಚ್ಚಿದ್ಕೂಡ್ಲೆ ನನ್ನ ಬಲ್ಬ್ ಒಡದ್ವು. ಟಿ.ವಿ. ಸುಟ್ಟು ಹೋತು."

ಇಬ್ಬರೂ ಹೇಳಿದ್ದು ಖರೆಯೇ ಇತ್ತು. ಓಣಿಯ ಕಡೆಯ ಕಂಬದಲ್ಲಿ ನ್ಯೂಟ್ರಲ್ ಜೋಡಣೆ ಸುಟ್ಟು ಬಿಟ್ಟುಹೋಗಿತ್ತು. ಅಲ್ಲಿಂದ ಮುಂದೆ ಇದ್ದದ್ದು ಇವೆರಡೇ ಮನೆ, ಎರಡು ಬೇರೆ ಬೇರೆ ತಂತಿಯ ಮೇಲೆ. ವಾಪಸ್ ಹೋಗುವ ದಾರಿ ಇಲ್ಲದ್ದರಿಂದ ಅಣ್ಣನ ಮನೆಗೆ ಬಂದ ಕರೆಂಟು ತಮ್ಮನ ಮನೆ ಹೊಕ್ಕು ಹೋಗುತ್ತಿತ್ತು, ತಮ್ಮನದು ಅಣ್ಣನ ಮನೆಯಿಂದ. ಇವನು ಹೆಚ್ಚು ಹಚ್ಚಿದಷ್ಟೂ ಅವನ ಮನೆಯ ಮೇಲೆ ಹೊರೆ.

ಎರಡೂ ಮನೆಯ ಮೇನ್ ಇಳಿಸಲು ಹೇಳಿ, ಕಟ್ಟೆಯ ಹತ್ತಿರ ನಿಂತು ಇದನ್ನು ತಿಳಿಸಿದೆ. ಅಣ್ಣ ತನ್ನ ಬಾಗಿಲಲ್ಲಿ, ತಮ್ಮ ತನ್ನ ಬಾಗಿಲಲ್ಲಿ. ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

ತಾಯಿ ಕೇಳಿದಳು. "ಅಂದ್ರ ಇವಂದು ಅವನ ಮನಿ ಹಾದು ಹೊಂಟಿತ್ತು?"

"ಹೌದು ಆಯಿ."

"ಗ್ವಾಡಿ ಕಟ್ಟಿದ ಮ್ಯಾಲೂ?"

"ಗ್ವಾಡಿ ಕಟ್ಟಿದ ಮ್ಯಾಲೂ."

ಆಕೆ ತಿರುಗಿ ಗೋಡೆಯ ಕಡೆ ನೋಡಿದಳು.

ಸಂಜೆಯೊಳಗೆ ನ್ಯೂಟ್ರಲ್ ಜೋಡಿಸಿದೆ. ಇನ್ನು ಪರೀಕ್ಷೆ ಮಾಡಬೇಕಿತ್ತು. ಒಂದು ಮನೆಯಲ್ಲಿ ಏನಾದರೂ ಹಚ್ಚಿದಾಗ ಇನ್ನೊಂದು ಮನೆಯ ದೀಪ ಅಲುಗಬಾರದು. ನಾನು ಕಂಬದ ಮೇಲಿದ್ದೆ. ಕೆಳಗೆ ನಿಂತು ನೋಡಿ ಹೇಳಲು ಇನ್ನೊಬ್ಬರಿರಲಿಲ್ಲ.

ಅಣ್ಣ ಕೆಳಗಿನಿಂದ ನನಗೆ ಹೇಳಿದ. "ಹೀಟರ್ ಹಚ್ಚೇನಿ. ದೀಪ ಹೆಂಗೈತಿ ಅಂತ ಅವನ್ನ ಕೇಳ್ರಿ."

"ಗಾಳಿ ಐತಿ, ನನಗ ಇಲ್ಲಿಂದ ಕೇಳೂದಿಲ್ಲ," ಅಂದೆ. "ನೀವ ಕೇಳ್ರಿ."

ಅಣ್ಣ ಒಮ್ಮೆ ತಾಯಿಯ ಕಡೆ ನೋಡಿದ. ಆಮೇಲೆ ಗೋಡೆಯ ಕಡೆ ಮುಖ ಮಾಡಿ, "ಹೆಂಗೈತಿ?" ಅಂದ.

ಒಳಗಿನಿಂದ, "ಹಂಗ ಐತಿ."

"ಈಗ ನೀ ಹಚ್ಚು."

"ಏನ್ ಹಚ್ಚಲಿ? ಟಿ.ವಿ. ಇಲ್ಲ."

"ಮಿಕ್ಸಿ ಹಚ್ಚು."

"ಹಚ್ಚೇನಿ. ನಿಂದು ಹೆಂಗೈತಿ?"

"ಹಂಗ ಐತಿ."

ಕೆಲಸ ಎರಡೇ ಸುತ್ತಿನಲ್ಲಿ ಮುಗಿದಿತ್ತು. ನಾನು ಕಂಬದ ಮೇಲಿಂದ ಇನ್ನೊಮ್ಮೆ, ಇನ್ನೊಮ್ಮೆ ಎಂದು ಎಂಟು ಸುತ್ತು ಮಾಡಿಸಿದೆ. ಏಳನೆಯದರಲ್ಲಿ ಅಣ್ಣ ಕೇಳಿದ್ದು ನನಗೆ ಕೇಳಿಸಿತು. "ಸುಟ್ಟದ್ದು ದೊಡ್ಡ ಟಿ.ವಿ. ಏನು?" ಒಳಗಿನಿಂದ, "ದೊಡ್ಡದು." ಎಂಟನೆಯದರಲ್ಲಿ ಅಣ್ಣ, "ಸಂಜಿಗೆ ಹುಡುಗರನ್ನ ನಮ್ಮನಿಗೆ ಕಳಸು, ನೋಡ್ಲಿ," ಅಂದ.

ನಾನು ಇಳಿದೆ. ತಾಯಿ ಕಟ್ಟೆಯ ಮೇಲೆ ಸೆರಗು ಬಾಯಿಗೆ ಹಿಡಿದುಕೊಂಡು ಕೂತಿದ್ದಳು.

ಮೂರು ದಿನ ಕಳೆದ ಮೇಲೆ ಆಕೆ ಕೋಲೂರಿಕೊಂಡು ನಮ್ಮ ಶಾಖೆಯವರೆಗೆ ನಡೆದು ಬಂದಳು. ಏನು ದೂರು ಆಯಿ ಎಂದು ಕೇಳಿದೆ. ಹತ್ತಿರ ಕರೆದು ಮೆಲ್ಲಗೆ ಹೇಳಿದಳು.

"ತಮ್ಮಾ, ಆ ತಂತಿ ಮತ್ತೊಮ್ಮೆ ಸಡಲ ಮಾಡಿ ಹೋಗು. ನಿನ್ನಿಯಿಂದ ಮತ್ತ ಇಬ್ರೂ ಸುಮ್ಮಾಗ್ಯಾರ."

೫. ನಂದು ಬಂದ್ ಐತಿ

ಇದು ರಬಕವಿಯಲ್ಲಿ, ನಾನಿನ್ನೂ ಲೈನ್‌ಮನ್ ಆಗಿದ್ದಾಗಿನದು.

ಆಗ ನಮಗೊಬ್ಬ ಮೇಸ್ತ್ರಿ ಇದ್ದರು. ನಿವೃತ್ತಿಗೆ ಹತ್ತಿರ ಬಂದವರು, ಮಾತು ಕಡಿಮೆ. ಅವರದೊಂದು ಪದ್ಧತಿ. ಲೈನು ಬಂದ್ ಮಾಡಿಸಿ, ಸ್ವಿಚ್ಚನ್ನು ತಾವೇ ಕೈಯಾರೆ ಎಳೆದು, ಕೀಲಿ ಹಾಕಿದ ಮೇಲೂ, ಕಂಬ ಹತ್ತಿದವನು ಮೊದಲು ಅರ್ಥಿಂಗ್ ಕೋಲನ್ನು ಮೂರೂ ತಂತಿಗೆ ತಗುಲಿಸಬೇಕು. ಉದ್ದ ಕೋಲು, ತುದಿಗೆ ಕೊಕ್ಕೆ, ಅದರಿಂದ ನೆಲಕ್ಕೆ ಇಳಿದ ವೈರು. ತಂತಿಯಲ್ಲಿ ಏನಾದರೂ ಉಳಿದಿದ್ದರೆ ಮನುಷ್ಯನ ಬದಲು ಕೋಲಿನಿಂದ ನೆಲಕ್ಕೆ ಹೋಗಲಿ ಎಂದು. ನಿಯಮವೂ ಅದೇ. ಆದರೆ ಅವಸರದಲ್ಲಿ ಎಷ್ಟೋ ಸಲ ನಾವು ಬಿಟ್ಟುಬಿಡುತ್ತಿದ್ದೆವು. ಅವರು ಬಿಡುತ್ತಿರಲಿಲ್ಲ. ಹಿಂದಿನಿಂದ ನಾವು ಅವರನ್ನು ಸತ್ತ ಹಾವಿಗೆ ಹೊಡೆಯುವ ಮೇಸ್ತ್ರಿ ಎನ್ನುತ್ತಿದ್ದೆವು.

ಅಮಾವಾಸ್ಯೆಯ ದಿನ. ಮೂರು ಮಗ್ಗದ ಶೆಡ್ಡುಗಳಿಗೆಂದೇ ಇದ್ದ ಒಂದು ಟಿ.ಸಿ.ಗೆ ಹೋಗುವ ಹನ್ನೊಂದು ಸಾವಿರ ವೋಲ್ಟಿನ ಲೈನಿನಲ್ಲಿ ತಂತಿ ಹಿಡಿದಿಡುವ ಪಿಂಗಾಣಿ ಒಡೆದಿತ್ತು. ಎರಡು ಶೆಡ್ಡು ಅಮಾವಾಸ್ಯೆ ಎಂದು ಬಂದ್ ಇದ್ದವು. ಸ್ವಿಚ್ ಎಳೆದಾಯಿತು. ನಾನು ಸೊಂಟಕ್ಕೆ ಪಟ್ಟಾ ಬಿಗಿದು ಹತ್ತಿಬಿಟ್ಟೆ. ಮನೆಗೆ ಬೇಗ ಹೋಗಬೇಕಿತ್ತು.

ಮೇಸ್ತ್ರಿ ಕೆಳಗಿನಿಂದ, "ಕೋಲು ಇಲ್ಲೇ ಬಿಟ್ಟು ಏರಿದಿಯಲ್ಲ," ಅಂದರು.

"ಮೇಸ್ತ್ರೀ, ಸ್ವಿಚ್ ನೀವ ಎಳದೀರಿ. ಕೀಲಿ ನಿಮ್ಮ ಕಿಸೇದಾಗ ಐತಿ."

"ಕೀಲಿ ಕಿಸೇದಾಗ ಐತಿ. ತಂತಿ ಕಿಸೇದಾಗ ಇಲ್ಲ. ಹಗ್ಗ ಬಿಡು."

ಸಿಟ್ಟಿನಿಂದಲೇ ಹಗ್ಗ ಬಿಟ್ಟೆ. ಅವರು ಕೋಲು ಕಟ್ಟಿದರು. ಎಳೆದುಕೊಂಡು ಮೊದಲ ತಂತಿಗೆ ಹಾಕಿದೆ. ಚಿಟ್ ಎಂದು ಸಣ್ಣ ಸದ್ದು. ಎಲ್ಲ ತಂತಿಯಲ್ಲೂ ಇಷ್ಟಿರುತ್ತದೆ ಎಂದುಕೊಂಡೆ. ಎರಡನೆಯದಕ್ಕೆ ಹಾಕಿದೆ.

ಆ ಸದ್ದನ್ನು ಹೇಗೆ ಹೇಳಬೇಕೋ ತಿಳಿಯದು. ಕಣ್ಣ ಮುಂದೆ ನೀಲಿ ಬೆಳಕು ಒಡೆಯಿತು. ಅದೇ ಹೊತ್ತಿಗೆ ಓಣಿಯೊಳಗಿನ ಮೂರನೆಯ ಶೆಡ್ಡಿನ ಹಿಂದೆ ಒಂದು ಜನರೇಟರು ಗುರ್ ಎಂದು ನರಳಿ ನಿಂತಿತು. ಅದು ಅಲ್ಲಿಯತನಕ ನಡೆಯುತ್ತಿತ್ತು ಎಂಬುದು ನಿಂತ ಮೇಲೆ ನನಗೆ ಗೊತ್ತಾಯಿತು.

ನಾನು ಕಂಬ ಅಪ್ಪಿಕೊಂಡಿದ್ದೆ.

"ಕೈ ಅದಾವ?" ಮೇಸ್ತ್ರಿ ಕೇಳಿದರು.

"ಅದಾವ್ರಿ."

"ಎರಡೂ?"

"ಎರಡೂ."

"ಹಂಗಾದ್ರ ಮೂರನೇದಕ್ಕ ಹಾಕು."

ಮೂರನೆಯದಕ್ಕೆ ಹಾಕಿ ಇಳಿದೆ. ಕಂಬದ ಬುಡದಲ್ಲೇ ಕೂತೆ.

ಶೆಡ್ಡಿನ ಸಾವಕಾರರು ಬನಿಯನ್ನಿನ ಮೇಲೆ ಓಡಿ ಬಂದರು. ತುರ್ತಾಗಿ ಮುಗಿಸಬೇಕಾದ ಸೀರೆ ಇದ್ದದ್ದರಿಂದ ಅಮಾವಾಸ್ಯೆಯಾದರೂ ಎರಡು ಮಗ್ಗ ಹಚ್ಚಿಕೊಂಡಿದ್ದರು. "ನನ್ನ ಜನರೇಟರ್ ಯಾರು ಕೆಡಿಸಿದ್ರಿ?" ಎಂದು ಕೇಳಿದರು.

"ನಾವ," ಎಂದ ಮೇಸ್ತ್ರಿ, ಅವರ ಕೈ ಹಿಡಿದು ಟಿ.ಸಿ.ಯ ಬುಡಕ್ಕೆ ಕರೆದುಕೊಂಡು ಹೋದರು. "ಸಾವಕಾರ್ರ, ಜನರೇಟರ್ ಹಚ್ಚೂ ಮೊದ್ಲ ಮೇನ್ ಇಳಿಸಿದ್ರೇನು?"

"ದಿನಾ ಇಳಸ್ತೇನಿ," ಅಂದರು. ಆಮೇಲೆ, "ಇವತ್ತ ಮರತೆ."

"ನೀವು ಮಾಡಿದ ಕರೆಂಟ್ ಬರೇ ನಿಮ್ಮ ಮಗ್ಗಕ್ಕ ಹೋಗಿಲ್ಲ. ಬರೂ ತಂತಿ ಹಿಡ್ಕೊಂಡು ಹಿಂದಕ್ಕ ಇಲ್ಲಿಗೆ ಬಂದೈತಿ. ಕಂಬದ ಕರೆಂಟನ್ನ ಸಣ್ಣ ಮಾಡಿ ನಿಮಗ ಕೊಡೂ ಈ ಟಿ.ಸಿ., ನಿಮ್ಮದನ್ನ ದೊಡ್ಡದ ಮಾಡಿ ಕಂಬಕ್ಕ ಕೊಟ್ಟೈತಿ. ಹನ್ನೊಂದು ಸಾವಿರ. ಅದಕ್ಕ ಬರೂ ಹಾದಿ, ಹೋಗೂ ಹಾದಿ ಅಂತ ಬ್ಯಾರೆ ಇಲ್ಲ."

ಸಾವಕಾರರು ಮೇಲೆ ತಂತಿ ನೋಡಿದರು. ಆಮೇಲೆ ಕೆಳಗೆ ಕೂತಿದ್ದ ನನ್ನನ್ನು ನೋಡಿದರು.

"ಇವಗ ಮನ್ಯಾಗ ಯಾರ ಅದಾರ?"

"ಹೆಂಡ್ತಿ ಅದಾಳ. ಒಂದ ಕೂಸು."

ಅವರು ಬಂದು ನನ್ನ ಪಕ್ಕದಲ್ಲಿ ಮಣ್ಣಿನಲ್ಲೇ ಕೂತರು. ಮೇಸ್ತ್ರಿ ಒಬ್ಬರೇ ಹತ್ತಿ ಪಿಂಗಾಣಿ ಬದಲಿಸಿ ಇಳಿದರು. ಅವರನ್ನು ಸತ್ತ ಹಾವಿನ ಆ ಹೆಸರಿನಿಂದ ಆಮೇಲೆ ನಾವ್ಯಾರೂ ಕರೆಯಲಿಲ್ಲ.

ಒಂದು ವಾರದಲ್ಲಿ ಸಾವಕಾರರು ಮೇನ್ ಇಳಿಸದೆ ಜನರೇಟರು ಹತ್ತದಂಥ ಸ್ವಿಚ್ ಹಾಕಿಸಿದರು. ಅದೂ ಅವರಿಗೆ ಸಾಲಲಿಲ್ಲ. ಊರಲ್ಲಿ ಎಲ್ಲಿ ಕರೆಂಟು ಹೋದರೂ ಗಾಡಿ ಹತ್ತಿ ನಾವಿದ್ದ ಕಂಬ ಹುಡುಕಿಕೊಂಡು ಬಂದು, ಕೆಳಗೆ ನಿಂತು, "ನಂದು ಬಂದ್ ಐತ್ರಿ," ಎಂದು ಹೇಳಿ ಹೋಗುತ್ತಿದ್ದರು. ಅವರ ಓಣಿಗೆ ಸಂಬಂಧವೇ ಇಲ್ಲದ ಲೈನಿದ್ದರೂ ಬರುತ್ತಿದ್ದರು. ಹೊಸಬರು ನಗುತ್ತಿದ್ದರು. ನಾನು ಮೇಲಿಂದ ಕೈ ಎತ್ತಿ, "ಆತ್ರಿ ಸಾವಕಾರ್ರ," ಅನ್ನುತ್ತಿದ್ದೆ. ಅದನ್ನು ಕೇಳದ ಹೊರತು ಅವರು ಗಾಡಿ ತಿರುಗಿಸುತ್ತಿರಲಿಲ್ಲ.

ಹೀಗೆ ವರ್ಷಗಳು ಕಳೆದವು. ನಾನೂ ಮೇಸ್ತ್ರಿಯಾದೆ. ಮಹಾಲಿಂಗಪುರದಲ್ಲಿ ಒಂದು ಮದುವೆಗೆ ಹೋಗಿದ್ದೆ. ಮಧ್ಯಾಹ್ನದ ಊಟ, ದೊಡ್ಡ ಪಂಕ್ತಿ. ಹೋಳಿಗೆ ಬಡಿಸುತ್ತ ಬರುತ್ತಿದ್ದರು. ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನುಗಳೆಲ್ಲ ನಿಂತವು, ವಾಲಗದವರ ಮೈಕು ನಿಂತಿತು, ಸಭಾಂಗಣ ಒಮ್ಮೆಗೇ ಸ್ತಬ್ಧವಾಯಿತು.

ಎದುರಿನ ಸಾಲಿನಲ್ಲಿ ಸಾವಕಾರರು ಎಲೆಯ ಮುಂದಿನಿಂದ ಎದ್ದು ನಿಂತರು. ಅವರೂ ಬಂದಿದ್ದು ನನಗೆ ಆಗಲೇ ಗೊತ್ತಾದದ್ದು. ಪಂಕ್ತಿಯೆಲ್ಲ ಅವರ ಕಡೆ ತಿರುಗಿತು. ಅವರು ನನ್ನೊಬ್ಬನನ್ನೇ ನೋಡುತ್ತ, ಎಲ್ಲರಿಗೂ ಕೇಳುವಂತೆ, "ಮೇಸ್ತ್ರೀ, ನಂದು ಬಂದ್ ಐತಿ," ಅಂದರು.

ನಾನು ಕೈ ಎತ್ತಿದೆ. ಅವರು ನೆಮ್ಮದಿಯಿಂದ ಕೂತರು.

ಹೋಳಿಗೆಯ ಬುಟ್ಟಿ ಹಿಡಿದವನು ಅವರ ಎಲೆಯ ಮುಂದೆ ಬಂದಿದ್ದ. ಅವರ ಮಾತು ಕೇಳಿ, ಊಟ ಸಾಕೆಂದರು ಎಂದು ತಿಳಿದು ತಲೆ ಅಲ್ಲಾಡಿಸಿ, ಅವರನ್ನು ದಾಟಿ ಮುಂದಿನ ಎಲೆಗೆ ಹೋದ. ಸಾವಕಾರರು ಖಾಲಿ ಎಲೆ ನೋಡಿದರು, ಮುಂದೆ ಹೋಗುತ್ತಿದ್ದ ಬುಟ್ಟಿಯನ್ನು ನೋಡಿದರು. ಅಷ್ಟು ಮಂದಿಯ ನಡುವೆ ಕರೆದು ಬೇಡುವ ಸ್ವಭಾವ ಅವರದಲ್ಲ.

ನಾನು ಬಡಿಸುವವನನ್ನು ಕೂಗಿ ನಿಲ್ಲಿಸಿದೆ.

"ಯಪ್ಪಾ, ಅವರದು ಜನರೇಟರ್ ಅಷ್ಟ ಬಂದ್ ಐತಿ. ಹೊಟ್ಟಿ ಚಾಲೂ ಐತಿ. ಎರಡ ಹಾಕು."